ಗ್ರೂಪಿನ್ಯಾಗ ರಿಪ್ಲೈ ಕೊಡೂದು ಹೆಂಗ?

ಓಣಿ ವಾಟ್ಸಾಪ್ ಗ್ರೂಪಿನ್ಯಾಗ ಮುಂಜಾನೆ ಯಾರೋ "ಇವತ್ತ ನಳಾ ಬರ್ತಾವೇನ್ರಿ?" ಅಂತ ಕೇಳಿರ್ತಾರ, ಅದರ ಕೆಳಗ ನಾಕ ಶುಭೋದಯದ ಫೋಟೋ, ಯಾರದೋ ಹುಟ್ಟಿದಬ್ಬ, ಆಮ್ಯಾಲ ಒಬ್ರು "ಹೌದ್ರಿ" ಅಂತಾರ. ಯಾವುದಕ್ಕ ಹೌದು? ಹುಬ್ಬಳ್ಳಿ-ಧಾರವಾಡದಾಗ ಭಾಳ ಓಣಿಗೆ ಇನ್ನೂ ದಿನಾ ನೀರು ಬರೂದಿಲ್ಲ, ಕೇಳಿದವ್ರು ಬ್ಯಾರಲ್ ತೊಳದು ಕಾಯ್ಕೋತ ನಿಂತಿರ್ತಾರ.

ಮೊದಲ ಕೆಲಸ, ಕೆಳಗಿನ ಮೆಸೇಜ್ ಎಲ್ಲಾ ಓದ್ರಿ. ಯಾರರೆ ಉತ್ತರಾ ಕೊಟ್ಟಿದ್ರ ಅದನ್ನ ಒತ್ತಿ ಹಿಡದು ಹೆಬ್ಬೆಟ್ಟಿನ ಗುರುತು ಹಾಕಿ ಸುಮ್ನಾಗ್ರಿ. ಕೊಟ್ಟಿಲ್ಲಂದ್ರ ಆ ಪ್ರಶ್ನೆನ ಬಲಕ್ಕ ಸರಸ್ರಿ, ಪ್ರಶ್ನೆ ನಿಮ್ಮ ಉತ್ತರಕ್ಕ ಅಂಟ್ಕೊಂಡ ಹೋಗ್ತೈತಿ. ಒಂದ ಗ್ರೂಪಿನ್ಯಾಗ 1,024 ಮಂದಿ ತನಕಾ ಇರಬಹುದು, ಬರೇ "ಹೌದು" ಎಲ್ಲಿ ಹೋಗಿ ಬೀಳ್ತೈತಿ ಯಾರಿಗ್ಗೊತ್ತು.

ಇನ್ನ ಬರಿಯೂದು ಏನು? ಎಲ್ಲಿ, ಯಾವಾಗ, ನಿಮಗ ಹೆಂಗ ಗೊತ್ತಾತು, ಇಷ್ಟು ಇರಲಿ. "ನಮ್ಮ ಕ್ರಾಸಿಗೆ ಆರೂವರಿಗೆ ಬಂತು, ನಿಮ್ಮ ಕಡೆ ಆಮ್ಯಾಲ ಬಿಡ್ತೀನಿ ಅಂದಾನ ವಾಲ್ವ್‌ಮನ್" ಅಂದ್ರ ಮುಗೀತು. "ಬರಬಹುದ್ರಿ, ಗೊತ್ತಿಲ್ಲ" ಅನ್ನೂದನ್ನ ಟೈಪ್ ಮಾಡೂದ್ಯಾಕ? ರೈತರ ಗ್ರೂಪಿನ್ಯಾಗಂತೂ ಇದು ರೊಕ್ಕದ ಮಾತು. ಬ್ಯಾಡಗಿ ಮೆಣಸಿನಕಾಯಿ ರೇಟ್ ಕೇಳಿದ್ರ ದಪ್ಪನ ಡಬ್ಬಿ ಜಾತಿನೋ ತೆಳ್ಳನ ಕಡ್ಡಿ ಜಾತಿನೋ, ಯಾವತ್ತಿನ ಟೆಂಡರ್, ಒಣಾ ಮಾಲೋ ಹಸಿ ಇತ್ತೋ ಹೇಳಬೇಕು, ಡಬ್ಬಿ ರೇಟ್ ನೋಡಿ ಕಡ್ಡಿ ಬೆಳದಾಂವ ಗಾಡಿ ಬಾಡಿಗಿ ಕೊಟ್ಟು ಚೀಲಾ ಹೇರ್ಕೊಂಡ ಹೋದ್ರ ಅವನ ಗತಿ ಏನಾಗಬೇಕು.

ತಪ್ಪು ತಿದ್ದೂದು ಸ್ವಲ್ಪ ನಾಜೂಕು. ಕಾಕಾರು ಯಾವುದೋ ಹಳೇ ಫಾರ್ವರ್ಡ್ ಹಾಕ್ಯಾರ ಅಂತ ಎಲ್ಲಾರ ಮುಂದ "ಸುಳ್ಳ ಹಾಕಬ್ಯಾಡ್ರಿ" ಅಂದ್ರ ಅವರು ಸಿಟ್ಟಿಗೇಳ್ತಾರ, ಫಾರ್ವರ್ಡಂತೂ ಅಲ್ಲೇ ಇರ್ತೈತಿ. ಮೆನ್ಯುದಾಗ ರಿಪ್ಲೈ ಪ್ರೈವೇಟ್ಲಿ ಅಂತ ಐತಿ, ಅದನ್ನ ಒತ್ತಿ "ಕಾಕಾ, ಇದು ಹಳೇದೈತ್ರಿ, ತಗೀರಿ" ಅನ್ರಿ. ಆದ್ರ ಮಳಿಗಾಲದಾಗ ಸಾಲಿಗೆ ರಜಾ ಅಂತ ಹೋದ ವರ್ಷದ ಆರ್ಡರ್ ತಿರಗಾಡಾಕತ್ತಿದ್ರ ಗ್ರೂಪಿನ್ಯಾಗ ಹೇಳಬೇಕಾಗ್ತೈತಿ, ಹಾಕಿದವರ ಹೆಸರ ಬ್ಯಾಡ, "ಆರ್ಡರಿನ ತಾರೀಖು ನೋಡ್ರಿ" ಅಂದ್ರ ಸಾಕು. ಮ್ಯಾಲೆ ಎರಡ ಬಾಣದ ಗುರುತು ಇದ್ರ ಭಾಳ ಕೈ ದಾಟಿ ಬಂದಿದ್ದು ಅಂತ ತಿಳೀರಿ.

ಸಿಟ್ಟಿನ್ಯಾಗ ಬರದಿದ್ದನ್ನ 15 ನಿಮಿಷದಾಗ ಎಡಿಟ್ ಮಾಡಬಹುದು, ಸುಮಾರು ಎರಡ ದಿನದ ತನಕಾ ಎಲ್ಲಾರ ಫೋನಿನಿಂದ ಅಳಸಾಕೂ ಬರ್ತೈತಿ, ಅಳಸಿದ ಗುರುತು ಮಾತ್ರ ಉಳೀತೈತಿ, ಸ್ಕ್ರೀನ್‌ಶಾಟ್ ತಗೊಂಡಾಂವ ಒಬ್ಬ ಇದ್ದೇ ಇರ್ತಾನ.

ತೀರಿಕೊಂಡ ಸುದ್ದಿ ಕೆಳಗ ಸಾಲಾಗಿ "ಓಂ ಶಾಂತಿ" ಹಾಕೂದು ನನಗಂತೂ ಪಸಂದ ಇಲ್ಲ, ಮಣ್ಣು ಎಷ್ಟೊತ್ತಿಗೆ ಅನ್ನೂ ಮೆಸೇಜ್ ಅದರಾಗ ಮುಚ್ಚಿ ಹೋಗ್ತೈತಿ. ಮನೀಗೆ ಫೋನ್ ಮಾಡ್ರಿ.

ವಾಯ್ಸ್ ಮೆಸೇಜ್ ಉದ್ದ ಬ್ಯಾಡ, ಚಿಗರಿ ಬಸ್ಸಿನ್ಯಾಗ ನಿಂತಾಂವಗ ಕೇಳಾಕ ಆಗೂದಿಲ್ಲ. ಟೈಪಿಂಗ್ ಬರದವ್ರು ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಾಗ ಮಾತಾಡಿದ್ರ ಅದ ಬರಕೊಡ್ತೈತಿ, ನಮ್ಮ ಕಡೆ ಮಾತಿಗೆ ಒಮ್ಮೊಮ್ಮೆ ಏನೇನೋ ಬರೀತೈತಿ, ಕಳಸೂಕಿಂತ ಮೊದಲ ಒಂದ್ಸಲ ಓದ್ಕೋರಿ.