ಟಾಪಲ್: ತಲೆಭಾರದ ಈ ಪದ ಬಳಸುವುದು ಹೇಗೆ?

ಭತ್ತದ ಕೊಯ್ಲು ಮುಗಿದರೆ ಗಂಗಾವತಿ ಕಡೆ ರಸ್ತೆಯೆಲ್ಲ ಹುಲ್ಲಿನ ಟ್ರ್ಯಾಕ್ಟರ್‌ಗಳದ್ದೇ. ಟ್ರಾಲಿಯ ಎರಡೂ ಬದಿಗೆ ಹೊಟ್ಟೆ ಬಿಟ್ಟುಕೊಂಡು, ಕರೆಂಟಿನ ತಂತಿ ಮುಟ್ಟುವಷ್ಟು ಎತ್ತರಕ್ಕೆ ಹುಲ್ಲು ಒಟ್ಟಿರುತ್ತಾರೆ. ಮೊನ್ನೆ ಕಾಲುವೆ ದಂಡೆಯ ತಿರುವಿನಲ್ಲಿ ಅಂಥದ್ದೊಂದರ ಹಿಂದೆ ನಮ್ಮ ಬೈಕ್ ಇತ್ತು. ಟ್ರಾಲಿಯ ಒಂದು ಗಾಲಿ ತಗ್ಗಿಗೆ ಇಳಿಯಿತು. ಮೇಲಿನ ಹುಲ್ಲು ಮೆಲ್ಲಗೆ ವಾಲಿತು, ಒಂದು ಗಳಿಗೆ ಹಾಗೇ ನಿಂತಿತು, ಆಮೇಲೆ ಇಡೀ ಟ್ರಾಲಿಯನ್ನೇ ಎಳೆದುಕೊಂಡು ಮಗ್ಗುಲಾಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಹಿಂದೆ ಕೂತಿದ್ದ ಅಣ್ಣನ ಮಗಳು, ಒಂಬತ್ತನೇ ಕ್ಲಾಸಿನವಳು, "ಕಾಕಾ, ಇಂಗ್ಲಿಷ್‌ನ್ಯಾಗ ಟಾಪಲ್ ಅಂದ್ರ ಇದೇ ಏನು?" ಅಂದಳು.

ಇದೇ. ಪಠ್ಯಪುಸ್ತಕದಲ್ಲಿ ಇಷ್ಟು ಚೊಕ್ಕ ಚಿತ್ರ ಸಿಗಲಿಕ್ಕಿಲ್ಲ.

ಮೊದಲು ಬಾಯಿಗೆ ಕೂರಿಸಿಕೊಳ್ಳಿ. ಬರೆಯುವಾಗ ಟಿ-ಓ-ಪಿ-ಪಿ-ಎಲ್-ಇ. ಕೊನೆಯ ‘ಇ’ ಉಚ್ಚಾರಕ್ಕಿಲ್ಲ. ‘ಟಿಪಲ್’ ಅನ್ನಬೇಡಿ, ಅದು ಆಗಾಗ ಗುಂಡು ಹಾಕುವುದಕ್ಕೆ ಇರುವ ಪದ. ಟಿಪಲ್ ಜಾಸ್ತಿಯಾದರೆ ಟಾಪಲ್ ಆಗಬಹುದು, ಅದು ಬೇರೆ ಮಾತು.

ಆಮೇಲೆ ಪದವನ್ನು ಬಿಡಿಸಿ ನೋಡಿ. ಇದು 16ನೇ ಶತಮಾನದಿಂದ ಇಂಗ್ಲಿಷಿನಲ್ಲಿದೆ. ಒಳಗೆ ‘ಟಾಪ್’ ಇದೆ, ಹಿಂದೆ ಒಂದು ‘ಲ್’ ಬಾಲ. ಒಂದೇ ಕೆಲಸ ಮತ್ತೆ ಮತ್ತೆ ಆಗುವುದನ್ನು ಹೇಳಲು ಇಂಗ್ಲಿಷ್ ಈ ಬಾಲ ಹಚ್ಚುತ್ತದೆ: ಕ್ರ್ಯಾಕ್‌ನಿಂದ ಕ್ರ್ಯಾಕಲ್, ಸ್ಪಾರ್ಕ್‌ನಿಂದ ಸ್ಪಾರ್ಕಲ್. ನಮ್ಮಲ್ಲಿ ‘ಆಡು’ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ ಅಲ್ವಾ? ತೂರಾಡು, ಓಲಾಡು, ಹೊಯ್ದಾಡು.

ಈಗ ಕಷ್ಟದ ಜಾಗ. ನಮ್ಮ ಕಡೆ ‘ತೋಲ ತಪ್ಪಿತು’ ಅಂದರೆ ಮುಗೀತು. ಮನುಷ್ಯ ಬಿದ್ದರೂ ಅದೇ, ಬಿಂದಿಗೆ ಬಿದ್ದರೂ ಅದೇ. ಇಂಗ್ಲಿಷ್ ಮಾತ್ರ ತೋಲ ಎಲ್ಲಿ ತಪ್ಪಿತು ಅಂತ ಕೇಳುತ್ತದೆ. ಅಂಜನಾದ್ರಿಯ 575 ಮೆಟ್ಟಿಲು ಹತ್ತುವಾಗ ಕಾಲಿಗೆ ಏನೋ ತೊಡರಿದರೆ ಅದು ‘ಟ್ರಿಪ್’. ಮುಗ್ಗರಿಸಿ, ಬಿದ್ದೆನೋ ಇಲ್ಲವೋ ಅನ್ನುವಂತಾದರೆ ‘ಸ್ಟಂಬಲ್’. ರೈಸ್ ಮಿಲ್ಲಿನಲ್ಲಿ ಬೆನ್ನ ಮೇಲೆ ಚೀಲ ಹೊತ್ತ ಹಮಾಲರು ಅತ್ತಿತ್ತ ತೂರಾಡುತ್ತಲೇ ನಡೆದರೆ ‘ಸ್ಟ್ಯಾಗರ್’. ಈ ಮೂರೂ ಕಾಲಿನ ಕಥೆ. ಟಾಪಲ್ ತಲೆಯ ಕಥೆ. ಎತ್ತರದ ವಸ್ತು ಮೇಲಿನಿಂದ ವಾಲಿ ಬೀಳಬೇಕು. ವಸ್ತುವಿನ ಗುರುತ್ವ ಕೇಂದ್ರದಿಂದ ನೆಟ್ಟಗೆ ಕೆಳಕ್ಕೆ ಒಂದು ಗೆರೆ ಎಳೆಯಿರಿ. ಆ ಗೆರೆ ಬುಡದ ಒಳಗಿದ್ದರೆ ವಸ್ತು ನಿಲ್ಲುತ್ತದೆ, ಹೊರಗೆ ಹೋಯಿತೋ ಉರುಳುತ್ತದೆ. ಹುಲ್ಲಿನ ಟ್ರಾಲಿಗೆ ಆದದ್ದೂ ಅದೇ.

ಹಾಗಾದರೆ ಆನೆಗೊಂದಿಯ ಹರಿಗೋಲು? ಅದು ಅಗಲ ಬುಟ್ಟಿ, ಎತ್ತರವಿಲ್ಲ. ಮಗುಚಿದರೆ ‘ಕ್ಯಾಪ್ಸೈಜ್’ ಅನ್ನಬೇಕು. ಅದರೊಳಗೆ ಸೆಲ್ಫಿಗೆ ಎದ್ದು ನಿಂತವರು ನೀರಿಗೆ ಬಿದ್ದರೆ ಮಾತ್ರ ಅವರನ್ನು ಟಾಪಲ್ ಲೆಕ್ಕಕ್ಕೆ ಹಾಕಬಹುದು. ನಮ್ಮ ಇಂಗ್ಲಿಷ್ ಪೇಪರ್‌ಗಳು ಬಸ್ಸು, ಲಾರಿ ಪಲ್ಟಿಯಾದರೆ ‘ಟರ್ನ್ಡ್ ಟರ್ಟಲ್’ ಅಂತ ಬರೆಯುತ್ತವೆ. ಆಮೆ ಬೆನ್ನಡಿಯಾದ ಹಾಗೆ. ಮೂಲದಲ್ಲಿ ಅದು ಹಡಗಿನ ಮಾತು.

ವಾಕ್ಯಕ್ಕೆ ಹಾಕುವಾಗ ‘ಡೌನ್’ಗಿಂತ ‘ಓವರ್’ ಸೇರಿಸುವುದು ವಾಸಿ: ದಿ ಟ್ರಾಲಿ ಟಾಪಲ್ಡ್ ಓವರ್. ಕಾಲುವೆಗೆ ಬಿದ್ದರೆ ‘ಇಂಟು’, ಗೋಡೆ ಮೇಲಿಂದಾದರೆ ‘ಆಫ್’.

ತಾನೇ ಬೀಳುವುದಕ್ಕೂ, ಬೇರೆಯವರು ಬೀಳಿಸುವುದಕ್ಕೂ ಇದೇ ಪದ. ಉರುಳು, ಉರುಳಿಸು ಎರಡೂ ಒಂದರಲ್ಲೇ. 2003ರ ಏಪ್ರಿಲ್ 9ರಂದು ಬಾಗ್ದಾದಿನಲ್ಲಿ ಸದ್ದಾಂ ಪ್ರತಿಮೆಗೆ ಸರಪಳಿ ಹಾಕಿ ಎಳೆದರಲ್ಲ, ಅದು ಬೀಳಿಸಿದ್ದು. ಕುರ್ಚಿಯ ಸುದ್ದಿಯಲ್ಲಿ ಈ ವ್ಯತ್ಯಾಸ ಇನ್ನೂ ಮಜಾ. 2019ರ ಜುಲೈ 23ರಂದು ವಿಶ್ವಾಸಮತದಲ್ಲಿ 99–105ರಿಂದ ಸೋತು ನಮ್ಮ ರಾಜ್ಯದ ಸಮ್ಮಿಶ್ರ ಸರ್ಕಾರ ಬಿತ್ತು. ಅದನ್ನು ‘ಕೊಲ್ಯಾಪ್ಸ್ಡ್’ ಅಂದರೆ ತಾನೇ ಕುಸಿಯಿತು ಅಂದ ಹಾಗೆ. ‘ವಾಸ್ ಟಾಪಲ್ಡ್’ ಅಂದರೆ ಯಾರೋ ನೂಕಿದರು ಅಂದ ಹಾಗೆ. ಸುದ್ದಿ ಒಂದೇ, ಬರೆದವರ ಮನಸ್ಸು ಯಾವ ಕಡೆ ಇದೆ ಅನ್ನುವುದು ಕ್ರಿಯಾಪದದಲ್ಲೇ ಸಿಕ್ಕಿಬೀಳುತ್ತದೆ.

ರಾತ್ರಿ ಊಟ ಆದ ಮೇಲೆ ಹುಡುಗಿ ನೋಟ್‌ಬುಕ್ ತಂದು ತೋರಿಸಿದಳು. ‘ಕಾಕಾ ಟಾಪಲ್ಡ್ ಆಫ್ ದಿ ಬೈಕ್’ ಅಂತ ಬರೆದಿದ್ದಳು. ಹೋದ ದೀಪಾವಳಿಗೆ ನಾನು ಬಿದ್ದದ್ದು ನಿಜ. ಆದರೆ ಅವತ್ತು ಕೆಸರಿನಲ್ಲಿ ಗಾಲಿ ಜಾರಿತ್ತು. ಅದಕ್ಕೆ ‘ಸ್ಕಿಡ್’ ಅಂತ ಬರಿಯವ್ವಾ ಅಂದೆ.

"ನೀ ಉದ್ದ ಅದಿ ಅಲ್ಲ ಕಾಕಾ, ನಡಿತೈತಿ" ಅಂದು ಪುಸ್ತಕ ಮುಚ್ಚಿದಳು.