ಕಡಲ ಬದಿಯಲ್ಲಿ ಮೂರು ದಿನ ನಡೆಯುವುದು ಹೇಗೆ?

ಡಿಸೆಂಬರ್ ಬಂತೆಂದರೆ ಉಡುಪಿ ಹತ್ತಿರದ ಕಾಪು ಬೀಚಿನಲ್ಲಿ ಬೆನ್ನಿಗೆ ದೊಡ್ಡ ಬ್ಯಾಗ್ ಏರಿಸಿಕೊಂಡ ಗುಂಪುಗಳು ಕಾಣಿಸುತ್ತವೆ. ಮೊಬೈಲ್ ಮ್ಯಾಪಿನಲ್ಲಿ ಕಾಪುವಿನಿಂದ ಕುಂದಾಪುರಕ್ಕೆ ನೇರ ಗೆರೆ ಎಳೆದುಕೊಂಡು ಬಂದಿರುತ್ತಾರೆ. ಸುಮಾರು 45 ಕಿ.ಮೀ., ಮೂರು ದಿನ, ದಿನಕ್ಕೆ 15. ಗಣಿತದಲ್ಲಿ ತಪ್ಪಿಲ್ಲ. ಆದರೆ ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಅರ್ಧ ಗುಂಪು ರಿಕ್ಷಾ ಹತ್ತಿರುತ್ತದೆ, ಉಳಿದವರು ಹೊಳೆಯ ಈಚೆ ನಿಂತು ಆಚೆ ದಡ ನೋಡುತ್ತಿರುತ್ತಾರೆ.

ನಮ್ಮ ಕರಾವಳಿಯಲ್ಲಿ ದಾರಿ ಯಾವುದೆಂದು ಹೊಳೆಗಳು ಹೇಳುತ್ತವೆ. ಯಾವಾಗ ನಡೆಯಬೇಕೆಂದು ಬಿಸಿಲು ಮತ್ತು ಭರತ-ಇಳಿತ ಹೇಳುತ್ತವೆ. ಕಿಲೋಮೀಟರು ಆಮೇಲಿನ ಮಾತು. ಇದನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ಸುಲಭ, ಖರ್ಚೂ ಕಡಿಮೆ. ಕುಂದಾಪುರದ ಆಸೆ ಬಿಡಿ. ಕಾಪುವಿನಿಂದ ಬಾರ್ಕೂರಿನವರೆಗೆ ಮೂರು ದಿನ ನಡೆಯುವ ಲೆಕ್ಕ ಇಲ್ಲಿದೆ.

1. ಜನ ಎಷ್ಟು?

ಆರು. ಒಂದು ರಿಕ್ಷಾಕ್ಕೆ ಮೂವರು, ಎರಡು ರಿಕ್ಷಾಕ್ಕೆ ಆರು ಜನ. ಯಾರಿಗೋ ಕಾಲು ಉಳುಕಿದರೂ, ಮಳೆ ಬಂದರೂ ಎಲ್ಲರೂ ಒಟ್ಟಿಗೆ ಜಾಗ ಬಿಡಬಹುದು. ಸಣ್ಣ ಹೋಟೆಲಿನಲ್ಲಿ ಹತ್ತಿರ ಹತ್ತಿರ ಕೂರಲು ಜಾಗ ಸಿಗುತ್ತದೆ, ಹೋಮ್‌ಸ್ಟೇಯಲ್ಲಿ ಎರಡು ಕೋಣೆ ಸಾಕು. ಹತ್ತು ದಾಟಿದರೆ ಅದು ಮೆರವಣಿಗೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ಇರಲಿ, ಜೋರಾಗಿ ನಡೆಯುವವರು ಹಿಂದೆ. ಬ್ಲೂಟೂತ್ ಸ್ಪೀಕರ್ ತರುವವರನ್ನು ಮನೆಯಲ್ಲೇ ಬಿಟ್ಟು ಬನ್ನಿ.

2. ಯಾವ ತಿಂಗಳು?

ನವೆಂಬರ್ ಕೊನೆಯಿಂದ ಜನವರಿ ಕೊನೆಯವರೆಗೆ. ಫೆಬ್ರವರಿಯಿಂದ ಸೆಕೆ ಏರುತ್ತದೆ. ಮಾರ್ಚ್‌ನಲ್ಲಿ ಬರುತ್ತೇವೆ ಎನ್ನುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ಮಳೆಗಾಲದ ಕಡಲು ನೋಡಲು ಚಂದ, ಪಕ್ಕದಲ್ಲಿ ನಡೆಯಲು ಅಲ್ಲ.

ಡಿಸೆಂಬರ್ ಕೊನೆಯ ವಾರ ಮಲ್ಪೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದಲ್ಲಿ, ಜನವರಿ 18ಕ್ಕೆ ಉಡುಪಿ ಕೃಷ್ಣಮಠದ ಪರ್ಯಾಯ, ಅಂದರೆ ಕೃಷ್ಣಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ, ಇರುತ್ತದೆ. ಆ ವಾರ ಸುತ್ತಮುತ್ತ ರೂಮು ಸಿಗುವುದು ಕಷ್ಟ. ಪರ್ಯಾಯ ನೋಡಲೆಂದೇ ಬರುವುದಾದರೆ ಬನ್ನಿ, ನಡಿಗೆಯನ್ನು ಅದರ ಜೊತೆ ಸೇರಿಸಬೇಡಿ.

3. ಭರತ-ಇಳಿತದ ಲೆಕ್ಕ

ಜನ ಎಡವುವುದು ಇಲ್ಲೇ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಣ ಮರಳಿನಲ್ಲಿ ನಡೆದರೆ ಹೆಜ್ಜೆ ಹೂತುಹೋಗುತ್ತದೆ. ರಸ್ತೆಯಲ್ಲಿ ಗಂಟೆಗೆ ನಾಲ್ಕೂವರೆ ಕಿ.ಮೀ. ನಡೆಯುವವರು ಅಲ್ಲಿ ಎರಡು ನಡೆದರೆ ದೊಡ್ಡದು. ಮೀನಖಂಡ ಮೊದಲು ನೋಯುತ್ತದೆ, ಆಮೇಲೆ ಸೊಂಟ. ನೀರು ಆಗಷ್ಟೇ ಹಿಂದೆ ಸರಿದ ಒದ್ದೆ ಮರಳು ಹಾಗಲ್ಲ. ಅದು ಗಟ್ಟಿ, ಸಮತಟ್ಟು. ಅದರ ಮೇಲೆ ಗಂಟೆಗೆ ಮೂರೂವರೆ ಕಿ.ಮೀ. ಆರಾಮಾಗಿ ಹೋಗಬಹುದು. ಈ ಒದ್ದೆ ಪಟ್ಟಿ ಅಗಲವಾಗಿ ಸಿಗುವುದು ಇಳಿತದ ಹೊತ್ತಿಗೆ ಮಾತ್ರ. ಭರತ ಬಂದಾಗ ನೀರು ಮೇಲೆ ಏರಿ ನಿಮ್ಮನ್ನು ಒಣ ಮರಳಿಗೆ ತಳ್ಳುತ್ತದೆ. ಕಡಲ್ಕೊರೆತಕ್ಕೆ ಕಲ್ಲಿನ ತಡೆಗೋಡೆ ಹಾಕಿದ ಕಡೆಗಳಲ್ಲಿ ಅದೂ ಉಳಿಯುವುದಿಲ್ಲ. ಅಲೆ ನೇರವಾಗಿ ಕಲ್ಲಿಗೆ ಹೊಡೆಯುತ್ತದೆ. ಆಗ ಕಲ್ಲಿನ ಮೇಲೆ ಹಾರುತ್ತಾ ಹೋಗುವ ಸಾಹಸ ಬೇಡ. ಪಾಚಿ ಹಿಡಿದ ಕಲ್ಲು ಜಾರಿದರೆ ಕಾಲು ಸಿಕ್ಕಿಕೊಳ್ಳುವುದು ಎರಡು ಬಂಡೆಗಳ ಸಂದಿಯಲ್ಲಿ. ಹಿಂದಿನ ಮೀನುಗಾರಿಕಾ ರಸ್ತೆಗೆ ಹತ್ತಿಬಿಡಿ.

ಲೆಕ್ಕ ಹಾಕುವುದು ಹೀಗೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇಂದು ಬೆಳಿಗ್ಗೆ ಆರೂವರೆಗೆ ಇಳಿತ ಇದ್ದರೆ ನಾಳೆ ಏಳು ಇಪ್ಪತ್ತರ ಹೊತ್ತಿಗೆ, ನಾಡಿದ್ದು ಎಂಟೂ ಹತ್ತರ ಹೊತ್ತಿಗೆ. ಮಲ್ಪೆ ಅಥವಾ ಮಂಗಳೂರಿನ ಭರತ-ಇಳಿತದ ಪಟ್ಟಿ ಮೊಬೈಲಿನಲ್ಲಿ ಸಿಗುತ್ತದೆ. ಅದನ್ನು ತೆರೆದು, ಮೊದಲ ದಿನದ ಬೆಳಗಿನ ಇಳಿತ ಆರು-ಏಳು ಗಂಟೆಯ ನಡುವೆ ಬೀಳುವ ಮೂರು ದಿನ ಆರಿಸಿ. ಹದಿನೈದು ದಿನಕ್ಕೊಮ್ಮೆ ಇಂಥ ದಿನಗಳು ಬಂದೇ ಬರುತ್ತವೆ. ಮೊದಲು ಈ ದಿನ, ಆಮೇಲೆ ಬಸ್ಸಿನ ಟಿಕೆಟು. ಎಲ್ಲರೂ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಲಾಂಗ್ ವೀಕೆಂಡ್ ನೋಡಿ ಟಿಕೆಟ್ ತೆಗೆದು, ಬೆಳಿಗ್ಗೆ ಎಂಟಕ್ಕೆ ಭರತದ ಎದುರು ನಿಂತು, ಇಲ್ಲಿ ಬೀಚೇ ಇಲ್ಲವಲ್ಲ ಎನ್ನುತ್ತಾರೆ.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಇಳಿತದಲ್ಲಿ ನಡೆಯುವವರಿಗೆ ಒಳ್ಳೆಯದೇ. ಹೊತ್ತು ಮೀರಿದವರಿಗೆ ಕಷ್ಟ. ಪಟ್ಟಿ ಅರ್ಥವಾಗದಿದ್ದರೆ ಹಿಂದಿನ ಸಂಜೆ ದಡದಲ್ಲಿ ಬಲೆ ಸರಿಮಾಡುತ್ತಾ ಕೂತವರನ್ನು ಕೇಳಿ. ‘ಅಣ್ಣಾ, ನಾಳೆ ಇಳಿತ ಎಷ್ಟು ಗಂಟೆಗೆ?’ ಎಂದರೆ ಸಾಕು. ಆ್ಯಪಿಗಿಂತ ಚೆನ್ನಾಗಿ ಹೇಳುತ್ತಾರೆ, ಯಾವ ಕಡೆ ಮರಳು ಕುಸಿದಿದೆ ಎನ್ನುವುದನ್ನೂ ಸೇರಿಸಿ.

ದಿನದ ಗಡಿಯಾರ ಹೀಗಿರಲಿ: ಆರೂವರೆಗೆ ಹೊರಡಿ, ಹತ್ತೂವರೆಗೆ ನಿಲ್ಲಿಸಿ. ಊಟ, ನಿದ್ದೆ. ನಾಲ್ಕಕ್ಕೆ ಮತ್ತೆ ಶುರು, ಆರಕ್ಕೆ ಮುಗಿಸಿ. ಮಧ್ಯಾಹ್ನ ನಡೆದವರಿಗೆ ಬಹುಮಾನವೇನೂ ಇಲ್ಲ. ಸಂಜೆಯ ಹೊತ್ತಿಗೆ ಬೀಚು ಸಿಗದಿದ್ದರೆ ಬೇಜಾರು ಬೇಡ, ಊರೊಳಗಿನ ರಸ್ತೆ ಹಿಡಿಯಿರಿ.

ದಕ್ಷಿಣದಿಂದ ಉತ್ತರಕ್ಕೇ ನಡೆಯಿರಿ. ಚಳಿಗಾಲದಲ್ಲಿ ಸೂರ್ಯ ಆಗ್ನೇಯಕ್ಕೆ ಸರಿದಿರುತ್ತಾನೆ, ಬೆಳಗಿನ ಬಿಸಿಲು ಬೆನ್ನಿಗೆ ಬೀಳುತ್ತದೆ. ತೆಂಕು ಮುಖ ಮಾಡಿ ಹೊರಟವರು ಕಣ್ಣು ಕಿರಿದು ಮಾಡಿಕೊಂಡೇ ನಡೆಯಬೇಕು. ಇನ್ನೊಂದು, ಕಡಲ ಬದಿ ಒಂದೇ ಕಡೆಗೆ ವಾಲಿರುತ್ತದೆ. ಗಂಟೆಗಟ್ಟಲೆ ಒಂದು ಕಾಲು ಕೆಳಗೆ, ಒಂದು ಕಾಲು ಮೇಲೆ ಆದರೆ ಮಂಡಿ ಹಿಡಿಯುತ್ತದೆ. ಗಂಟೆಗೊಮ್ಮೆ ರಸ್ತೆಗೆ ಹತ್ತಿ ಹತ್ತು ನಿಮಿಷ ನಡೆದು ಮತ್ತೆ ಇಳಿಯಿರಿ.

4. ಅಳಿವೆ ಬಾಗಿಲು

ಹೊಳೆ ಕಡಲಿಗೆ ಸೇರುವ ಜಾಗಕ್ಕೆ ಇಲ್ಲಿ ಅಳಿವೆ ಬಾಗಿಲು ಎನ್ನುತ್ತಾರೆ. ಇಳಿತದಲ್ಲಿ ನೋಡಿದರೆ ಮೊಣಕಾಲುದ್ದ ನೀರು ಅನ್ನಿಸುತ್ತದೆ. ಇಳಿಯಲೇಬೇಡಿ. ಇಳಿತದ ಹೊತ್ತಿಗೆ ಹೊಳೆಯ ನೀರೆಲ್ಲ ಆ ಬಾಯಿಯಿಂದಲೇ ಹೊರಗೆ ಎಳೆಯುತ್ತಿರುತ್ತದೆ, ಕಾಲಡಿಯ ಮರಳೂ ಅದರ ಜೊತೆ ಹೋಗುತ್ತದೆ. ಕಳೆದ ವರ್ಷ ದಾಟಿದ್ದೆವು ಎನ್ನುವವರ ಮಾತು ಈ ವರ್ಷಕ್ಕೆ ಲೆಕ್ಕಕ್ಕಿಲ್ಲ. ಮಳೆಗಾಲ ಕಳೆದ ಮೇಲೆ ಮರಳ ದಿಬ್ಬ ಇದ್ದಲ್ಲೇ ಇರುತ್ತದೆ ಎಂದು ಹೇಳುವಂತಿಲ್ಲ. ಸೇತುವೆ ಅಥವಾ ಬಾರ್ಜ್ (ಹೊಳೆ ದಾಟಿಸುವ ಚಪ್ಪಟೆ ದೋಣಿ), ಎರಡೇ ದಾರಿ.

5. ಕಾಲಿಗೆ, ತಲೆಗೆ

ವಾಟರ್‌ಪ್ರೂಫ್ ಟ್ರೆಕಿಂಗ್ ಶೂ ಕಡಲ ಬದಿಗೆ ಶುದ್ಧ ದಂಡ. ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ, ಕಾಲು ದಿನವಿಡೀ ಬೇಯುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಸಾಕು. ಹೊಸದು ಬೇಡ, ಒಂದು ತಿಂಗಳು ಹಾಕಿ ಹಳೆಯದಾಗಿರಲಿ. ನೀರುಗುಳ್ಳೆ ಬರುವುದು ಪಟ್ಟಿ ಮತ್ತು ಚರ್ಮದ ನಡುವೆ ಮರಳು ಸೇರಿ. ಬೆಳಿಗ್ಗೆ ಬೆರಳ ಸಂದಿಗೆ ತೆಂಗಿನೆಣ್ಣೆ ಹಚ್ಚಿ. ನಿಂತಾಗಲೆಲ್ಲ ಕಾಲು ತೊಳೆದು ಒರೆಸಿ.

ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಸಿಕ್ಕಿದರೆ ಕೊಳ್ಳಿ. ಬಟ್ಟೆಯ ಕ್ಯಾಪಿಗಿಂತ ತಂಪು. ತುಂಬು ತೋಳಿನ ಹತ್ತಿ ಅಂಗಿ ಹಾಕಿ. ಅಗ್ಗದ ಸನ್‌ಸ್ಕ್ರೀನು ಬೆವರಿನ ಜೊತೆ ಕಣ್ಣಿಗಿಳಿದು ಉರಿ ಎಬ್ಬಿಸುತ್ತದೆ. ಬಣ್ಣದ ಪುಡಿಯ ಎನರ್ಜಿ ಡ್ರಿಂಕಿಗೆ ಕೊಡುವ ದುಡ್ಡಿನಲ್ಲಿ ಬೊಂಡ (ಎಳನೀರು) ಕುಡಿಯಿರಿ. ಆದರೂ ತಲಾ ಎರಡು ಲೀಟರ್ ನೀರು ಹೊತ್ತೇ ಇರಬೇಕು, ಅಂಗಡಿಗಳು ಬೆಳಿಗ್ಗೆ ಬೇಗ ತೆರೆದಿರುವುದಿಲ್ಲ.

ಶಾರ್ಟ್‌ಕಟ್ ಒಂದು ಹೇಳುತ್ತೇನೆ. ದೊಡ್ಡ ಬ್ಯಾಗು ಹೊರಬೇಡಿ. ರಾತ್ರಿ ತಂಗಿದ ಊರಿನ ರಿಕ್ಷಾದವರ ಹತ್ತಿರ ಮಾತಾಡಿ, ಬ್ಯಾಗುಗಳನ್ನು ಮುಂದಿನ ಮನೆಗೆ ಮುಟ್ಟಿಸಿ. ಬೆನ್ನಿಗೆ ನೀರು, ಟವೆಲು, ಅವಲಕ್ಕಿ ಅಷ್ಟೇ. ಇದು ಮೋಸ ಎನ್ನುವ ಶೂರರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ಅವರದನ್ನು ಅವರೇ ಹೊರಲಿ.

6. ದಾರಿ

ಹಿಂದಿನ ಸಂಜೆಯೇ ಕಾಪು ತಲುಪಿ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭಕ್ಕೆ ಸಂಜೆ ಸ್ವಲ್ಪ ಹೊತ್ತು ಮಾತ್ರ ಹತ್ತಲು ಬಿಡುತ್ತಾರೆ. ಮೇಲಿಂದ ಉತ್ತರಕ್ಕೆ ನೋಡಿದರೆ ಮರುದಿನದ ದಾರಿ ಕಾಣುತ್ತದೆ.

ಮೊದಲ ದಿನ ಕಾಪುವಿನಿಂದ ಕೈಪುಂಜಾಲು, ಮಟ್ಟು, ಪಡುಕೆರೆ ಹಾದು ಮಲ್ಪೆಗೆ. ಸುಮಾರು 14 ಕಿ.ಮೀ. ಮೂರು ದಿನದಲ್ಲಿ ಇದೇ ಉದ್ದದ್ದು. ಮಟ್ಟುವಿನಿಂದ ಮುಂದೆ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ತೆಂಗು ಮತ್ತು ಮನೆಗಳ ಒಂದು ಕಿರಿದಾದ ಪಟ್ಟಿ. ಮಟ್ಟುವಿನಲ್ಲಿ ಅರ್ಧ ಗಂಟೆ ಒಳಗೆ ಹೋಗಿ ಗುಳ್ಳ ಬದನೆಯ ಗದ್ದೆ ನೋಡಿ. ಮಟ್ಟುಗುಳ್ಳಕ್ಕೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರು ಎಂಬುದು ಊರಿನ ನಂಬಿಕೆ. ತೆಳು ಸಿಪ್ಪೆಯ ಹಸಿರು ಬದನೆ, ಸಾಂಬಾರಿಗೆ ಅದಕ್ಕೆ ಸಮ ಇಲ್ಲ. ಪಡುಕೆರೆಯ ತುದಿಗೆ ಅಂದರೆ ಅಳಿವೆಯ ಕಡೆಗೆ ಹೋಗದೆ ಸೇತುವೆ ಹತ್ತಿ ಮಲ್ಪೆಗೆ ಬನ್ನಿ. ಈ ಹೊಳೆಯ ಒಳಬದಿಯ ಉದ್ಯಾವರ ಒಂದು ಕಾಲದಲ್ಲಿ ಈ ಕರಾವಳಿಯನ್ನು ಆಳಿದ ಆಳುಪ ಅರಸರ ರಾಜಧಾನಿ. ಮೂರನೇ ದಿನ ಅವರದೇ ಇನ್ನೊಂದು ರಾಜಧಾನಿಗೆ ಹೋಗುತ್ತೀರಿ.

ಎರಡನೇ ದಿನ ಮಲ್ಪೆಯಿಂದ ತೊಟ್ಟಂ, ಹೂಡೆ ದಾಟಿ ಕೋಡಿಬೆಂಗ್ರೆ. ಹತ್ತು ಕಿ.ಮೀ. ಆಸುಪಾಸು. ಸೇಂಟ್ ಮೇರಿಸ್ ದ್ವೀಪವನ್ನು ಇದೇ ದಿನ ತುರುಕಬೇಡಿ, ದೋಣಿ ಕಾಯುವುದರಲ್ಲೇ ಬೆಳಗು ಹೋಗುತ್ತದೆ. ಹೂಡೆಯಿಂದ ಮುಂದೆ ಸ್ವರ್ಣಾ ನದಿ ಪಕ್ಕಕ್ಕೆ ಬರುತ್ತದೆ. ಸಂಜೆ ಪುರುಸೊತ್ತಿದ್ದರೆ ಕೆಮ್ಮಣ್ಣಿನ ತೂಗುಸೇತುವೆಗೆ ರಿಕ್ಷಾದಲ್ಲಿ ಹೋಗಿ, ಕುದ್ರು (ಹೊಳೆಯ ನಡುವಿನ ದ್ವೀಪ) ಸುತ್ತಿ ಬನ್ನಿ. ಕೋಡಿಬೆಂಗ್ರೆಯ ತುದಿಯಲ್ಲಿ ಸೀತಾ, ಸ್ವರ್ಣಾ ಎರಡೂ ಕೂಡಿ ಕಡಲಿಗೆ ಸೇರುತ್ತವೆ. ನೋಡಿ, ಈಜಬೇಡಿ.

ಮೂರನೇ ದಿನ ಕೋಡಿಬೆಂಗ್ರೆಯಿಂದ ಹಂಗಾರಕಟ್ಟೆಗೆ ಬಾರ್ಜ್. ಅದು ಓಡುತ್ತಿದೆಯೇ, ಮೊದಲ ಟ್ರಿಪ್ ಎಷ್ಟಕ್ಕೆ ಎಂದು ಹಿಂದಿನ ದಿನವೇ ಕೇಳಿಡಿ. ಓಡದಿದ್ದರೆ ಸಂತೆಕಟ್ಟೆ, ಬ್ರಹ್ಮಾವರ ಸುತ್ತಿ ರಸ್ತೆಯಲ್ಲಿ ಬರಬೇಕು, ಅದಕ್ಕೆ ವಾಹನವೇ ಸರಿ. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವುದನ್ನು ನೋಡಿ, ಗದ್ದೆ ತೋಟಗಳ ನಡುವೆ ಬಾರ್ಕೂರಿಗೆ ನಡೆಯಿರಿ. ಹತ್ತು ಕಿ.ಮೀ. ಒಳಗೇ ಮುಗಿಯುತ್ತದೆ. ನಡುವೆ ಹೆದ್ದಾರಿ ಒಂದು ಸಲ ಅಡ್ಡ ಬರುತ್ತದೆ, ಅಲ್ಲಿ ಎಲ್ಲರೂ ಒಟ್ಟಿಗೆ ದಾಟಿ. ಬಾರ್ಕೂರಿನಲ್ಲಿ ಕತ್ತಲೆ ಬಸದಿ ಬಿಡಬೇಡಿ. ಉಳಿದ ದೇವಸ್ಥಾನಗಳನ್ನು ಕಾಲಿನ ಶಕ್ತಿ ನೋಡಿಕೊಂಡು.

7. ಊರೊಳಗೆ

ಕೈರಂಪಣಿ (ದಡದಿಂದ ಕೈಯಲ್ಲೇ ಎಳೆಯುವ ದೊಡ್ಡ ಬಲೆ) ಎಳೆಯುತ್ತಿದ್ದರೆ ಹಗ್ಗ ದಾಟಬೇಡಿ, ಮೇಲಿನಿಂದ ಸುತ್ತಿ ಹೋಗಿ. ಕೈಜೋಡಿಸುವ ಆಸೆ ಇದ್ದರೆ ಕೇಳಿಕೊಂಡು ಹಿಡಿಯಿರಿ. ಒಣಗಲು ಹಾಕಿದ ಮೀನು, ಹರಡಿದ ಬಲೆ ತುಳಿಯಬಾರದು. ನೆರಳು ಕಂಡಿತೆಂದು ನಾಗಬನಕ್ಕೆ ನುಗ್ಗುವವರಿದ್ದಾರೆ, ದಯವಿಟ್ಟು ಬೇಡ. ಭಜನಾ ಮಂದಿರದ ಜಗಲಿಯಲ್ಲಿ ಕೂರಬೇಕಿದ್ದರೆ ಅಲ್ಲಿದ್ದವರನ್ನು ಕೇಳಿ. ಬೇಡ ಎನ್ನುವವರು ಕಡಿಮೆ. ಕಡಲ ಬದಿಯಲ್ಲಿ ಶೌಚಾಲಯ ಸಿಗುವುದು ಅಪರೂಪ. ಗುಂಪಿನ ಹೆಂಗಸರು ಈ ವಿಷಯಕ್ಕೇ ನೀರು ಕುಡಿಯುವುದು ಬಿಟ್ಟು ತಲೆಸುತ್ತು ಬರಿಸಿಕೊಳ್ಳುತ್ತಾರೆ. ಹೊರಡುವ ಮೊದಲೇ ದಾರಿಯಲ್ಲಿ ಎರಡು ಕಡೆ ನಿಲ್ಲುವ ಹೋಟೆಲು ಗುರುತಿಸಿಡಿ. ಅಲ್ಲಿ ಶೌಚಾಲಯ ಇದೆಯೇ ಎಂದು ಫೋನಿನಲ್ಲೇ ಕೇಳಿ. ಬನ್ಸ್, ಗೋಳಿಬಜೆ ಎಲ್ಲ ಆಮೇಲೆ.

ವಾಪಸ್ಸಿಗೆ ಬಾರ್ಕೂರಿನಿಂದ ಬ್ರಹ್ಮಾವರಕ್ಕೆ ಬಸ್ಸು, ಅಲ್ಲಿಂದ ಉಡುಪಿಗೆ ಬೇಕಾದಷ್ಟು. ರಾತ್ರಿ ಬಸ್ಸು ಎಂಟರ ನಂತರದ್ದೇ ತೆಗೆಯಿರಿ. ಬ್ಯಾಗುಗಳನ್ನು ಆ ದಿನ ಬಾರ್ಕೂರಿಗೆ ಕಳಿಸದೆ ನೇರ ಉಡುಪಿಗೆ ಕಳಿಸಿದರೆ ರಿಕ್ಷಾದ ಒಂದು ಬಾಡಿಗೆ ಉಳಿಯುತ್ತದೆ.