ಒಂಬತ್ತಕ್ಕೆ ಮುಗೀತು ಅಂದ್ರೆ ಮುಗೀತು

ಕಳೆದ ವರ್ಷ ಜುಲೈ, ಮಳೆ ಹಿಡ್ಕೊಂಡು ಒಂದು ವಾರ ಆಗಿತ್ತು, ಮೂರು ದಿನದಿಂದ ಕರೆಂಟಿಲ್ಲ, ಟವರ್‌ಗೆ ಡೀಸೆಲ್ ಖಾಲಿ ಆದ್ರೆ ನೆಟ್‌ವರ್ಕೂ ಇಲ್ಲ. ಫೋನ್ ಹಿಡ್ಕೊಂಡು ಕಾಫಿ ಕಣದ ಮೂಲೆಗೆ ಹೋಗಿ ಕೊಡೆ ಕೆಳಗೆ ನಿಂತ್ರೆ ಸಿಗ್ನಲ್ ಒಂದು ಕಡ್ಡಿ ಬರ್ತಿತ್ತು, ಗಾಳಿ ಬೀಸಿದ್ರೆ ಅದೂ ಹೋಗ್ತಿತ್ತು. ಅಂಥಾ ಭಾನುವಾರ ರಾತ್ರಿ ನಾನು ಒಂದು ಎಚ್‌ಎಂಟಿ ಪೈಲಟ್ ವಾಚ್ ಹರಾಜಿಗಿಟ್ಟು ಕೂತಿದ್ದೆ. ಬುದ್ಧಿ ಇರೋನು ಯಾರೂ ಇಡ್ತಿರ್ಲಿಲ್ಲ ಬಿಡಿ.

ನಂದು ಸೋಮವಾರಪೇಟೆ ಕಡೆ, ಮೂರೆಕ್ರೆ ರೋಬಸ್ಟಾ ಕಾಫಿ, ಜೊತೆಗೆ ಹಳೇ ಕೀ ಕೊಡೋ ವಾಚ್ ಹುಡುಕಿ ರಿಪೇರಿ ಮಾಡಿ ಮಾರೋ ಹುಚ್ಚು. ಮೊದಲು ಇಬೇಲಿ ಮಾರ್ತಿದ್ದೆ, 2018ರ ಆಗಸ್ಟಲ್ಲಿ ಅವ್ರು ಇಂಡಿಯಾ ಸೈಟ್ ಮುಚ್ಚಿದ್ರು, ಅದೇ ತಿಂಗಳು ನಮ್ಮ ಜಿಲ್ಲೇಲಿ ಗುಡ್ಡ ಕುಸೀತು, ವಾಚ್ ಯೋಚನೆ ಮಾಡೋಕೆ ಯಾರಿಗೆ ಪುರುಸೊತ್ತಿತ್ತು. ಆಮೇಲೆ ವಾಟ್ಸಾಪ್ ಗ್ರೂಪು. ಹರಾಜಿನ ರೂಲ್ಸ್ ಗ್ರೂಪ್ ಡಿಸ್ಕ್ರಿಪ್ಷನ್ನಲ್ಲೇ ಇದೆ: ರಾತ್ರಿ 9ಕ್ಕೆ ಕ್ಲೋಸ್, 50 ರೂಪಾಯಿಗಿಂತ ಕಮ್ಮಿ ಏರಿಸೋ ಹಾಗಿಲ್ಲ, ಹಾಕಿದ ಬಿಡ್ ವಾಪಸ್ ಇಲ್ಲ, ಇಷ್ಟಕ್ಕಿಂತ ಕಮ್ಮಿಗೆ ಕೊಡಲ್ಲ ಅಂತ ಇದ್ರೆ ಮೊದಲೇ ಹೇಳ್ಬೇಕು.

ಆ ಪೈಲಟ್ ನನಗೆ ಸಿಕ್ಕಿದ್ದು ಕುಶಾಲನಗರದ ಒಂದು ಗುಜರಿ ಅಂಗಡೀಲಿ, 300 ರೂಪಾಯಿಗೆ. ಕಪ್ಪು ಡಯಲ್, 17 ಜ್ಯುವೆಲ್, ಅಂದ್ರೆ ಚಕ್ರ ಸವೀದಂಗೆ ಮಷಿನ್ ಒಳಗೆ ಕೂರಿಸೋ ಪುಟ್ಟ ಕಲ್ಲು. ಬಿಚ್ಚಿ ತೊಳ್ದು ಎಣ್ಣೆ ಹಾಕಿ ಹೊಸ ಗ್ಲಾಸ್ ಕೂರಿಸ್ದೆ. 500ರಿಂದ ಶುರು, ಮಿನಿಮಮ್ ಏನೂ ಹಾಕ್ಲಿಲ್ಲ. ಎಚ್‌ಎಂಟಿ ವಾಚ್ ಮುಚ್ಚುತ್ತೆ ಅಂತ 2014ರಲ್ಲಿ ಸುದ್ದಿ ಬಂದಾಗಿಂದ ಪೈಲಟ್‌ಗೆ ಜನ ಮುಗಿಬೀಳ್ತಾರೆ, 2016ರಲ್ಲಿ ಸರ್ಕಾರ ಮುಚ್ಚೋಕೆ ಒಪ್ಪಿಗೆ ಕೊಟ್ಮೇಲೆ ಇನ್ನೂ ಜಾಸ್ತಿ ಆಯ್ತು, ಅದಕ್ಕೇ ಆರಾಮಾಗಿ ನಾಲ್ಕು ಸಾವಿರ ದಾಟುತ್ತೆ ಅಂದ್ಕೊಂಡಿದ್ದೆ. ಜನ ಡಯಲ್ ಕ್ಲೋಸಪ್ ಕೇಳ್ತಿದ್ರಂತೆ, ರೀಡಯಲ್ಲಾ, ಅಂದ್ರೆ ಡಯಲ್‌ಗೆ ಹೊಸದಾಗಿ ಬಣ್ಣ ಹೊಡ್ದಿದ್ದಾ, ಒರಿಜಿನಲ್ಲಾ ಅಂತ ಕೇಳ್ತಿದ್ರಂತೆ, ಉತ್ತರ ಕೊಡ್ಬೇಕಾದ ನಾನು ನೆಟ್‌ವರ್ಕಿಲ್ದೆ ಕೂತಿದ್ದೆ. ಸೆಲ್ಲರ್ ಮಾತಾಡ್ತಿಲ್ಲ ಅಂದ್ರೆ ಯಾರು ಏರಿಸ್ತಾರೆ ಹೇಳಿ. ಒಂಬತ್ತೂ ಇಪ್ಪತ್ತಕ್ಕೆ ಕಡ್ಡಿ ಬಂದು ಮೆಸೇಜೆಲ್ಲ ಒಟ್ಟಿಗೆ ಸುರಿದ್ವು, ನೋಡಿದ್ರೆ 1,650ಕ್ಕೆ ಕ್ಲೋಸ್. ಗೆದ್ದಿದ್ದು ಧಾರವಾಡದ ಕಡೆಯ ಒಬ್ಬ ಲೆಕ್ಚರರ್.

ಅದರ ಕೆಳಗೇ ಪರ್ಸನಲ್ಲಾಗಿ ಇನ್ನೊಂದು ಮೆಸೇಜು, ಮುಂಬೈ ಡೀಲರ್ ಒಬ್ರದ್ದು. ಫೋಟೋ ಝೂಮ್ ಮಾಡಿ ಡಯಲ್ ಮೇಲಿನ ಸಣ್ಣಕ್ಷರಕ್ಕೆ ಕೆಂಪು ರೌಂಡ್ ಹಾಕಿ ಕಳ್ಸಿದ್ರು. ಟಾರ್ಚ್ ಹಿಡ್ದು, ಕಣ್ಣಿಗೆ ಲೂಪ್ ಅನ್ನೋ ಭೂತಗನ್ನಡಿ ಹಾಕಿ ನೋಡ್ದೆ, ಪ್ಯಾರಾಶಾಕ್ ಅಂತ ಇದೆ! 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗ್ಳೂರಲ್ಲಿ ಎಚ್‌ಎಂಟಿ ವಾಚ್ ಶುರುವಾಯ್ತಲ್ಲ, ಪ್ಯಾರಾಶಾಕ್ ಅನ್ನೋದು ಪೆಟ್ಟು ಬಿದ್ರೂ ವಾಚ್ ಹಾಳಾಗ್ದಂಗೆ ತಡೆಯೋ ವ್ಯವಸ್ಥೆಗೆ ಆ ಸಿಟಿಜನ್‌ನವರು ಇಟ್ಟ ಹೆಸರು, ಮೊದಮೊದಲ ಡಯಲ್‌ಗಳಲ್ಲಿ ಬರ್ತಿತ್ತು. ಕೈಯಲ್ಲಿ ತಿಂಗಳು ಇಟ್ಕೊಂಡು, ಬಿಚ್ಚಿ ಜೋಡ್ಸಿ, ನಾನೇ ನೋಡಿರ್ಲಿಲ್ಲ. ಡೀಲರ್ ಬರ್ದಿದ್ರು, 7,500 ಈಗ್ಲೇ ಹಾಕ್ತೀನಿ, ಅವ್ನಿಗೆ ಏನೋ ಒಂದು ಹೇಳಿ ಕ್ಯಾನ್ಸಲ್ ಮಾಡಿ.

ಏನೋ ಒಂದು ಅಂದ್ರೆ ಏನು ಅಂತ ಈ ಲೈನಲ್ಲಿ ಇರೋರಿಗೆಲ್ಲ ಗೊತ್ತು. ಪ್ಯಾಕ್ ಮಾಡುವಾಗ ಕೈಜಾರಿ ಬಿತ್ತು ಸರ್, ಸಾರಿ. ಟೈಪ್ ಮಾಡ್ದೆ, ಇಲ್ಲ ಅನ್ನಲ್ಲ. 'ಸರ್ ತುಂಬಾ ಬೇಜಾರಾಗ್ತಿದೆ' ಅಂತ ಬೇರೆ ಸೇರಿಸ್ದೆ, ಕಳ್ಸು ಅಂತ ಒತ್ದೆ. ಅಷ್ಟೊತ್ತಿಗೆ ಕಡ್ಡಿ ಹೋಯ್ತು. ಮೆಸೇಜ್ ಹೋಗ್ದೆ ಇದ್ರೆ ಪಕ್ಕದಲ್ಲಿ ಪುಟ್ಟ ಗಡಿಯಾರದ ಗುರುತು ಬರುತ್ತಲ್ಲ, ಅದು ಹಂಗೇ ನಿಂತ್ಕೊಂಡ್ತು. ಒಳಗೆ ಬಂದು ಮಲಗ್ದೆ, ನಿದ್ದೆ ಬರ್ಲಿಲ್ಲ, ಹಂಚಿನ ಮೇಲೆ ಮಳೆ ಸದ್ದು, ಟೇಬಲ್ ಮೇಲೆ ವಾಚ್ ಟಿಕ್ ಟಿಕ್, ಫೋನಲ್ಲಿ ಆ ಸುಳ್ಳು ಸಿಗ್ನಲ್ಲಿಗೆ ಕಾಯ್ತಾ ಇದೆ.

ಆ ರಾತ್ರಿ ನೆನಪಾಗಿದ್ದು ಅಪ್ಪ. 1994ರ ಜೂನ್, ಬೆಳೆದ ಕಾಫಿನ ಕಾಫಿ ಬೋರ್ಡಿಗೇ ಕೊಡ್ಬೇಕು ಅನ್ನೋ ಪೂಲ್ ಪದ್ಧತಿ ಸಡಿಲ ಆಗಿ ಒಂದಷ್ಟು ಪಾಲು ಬೆಳೆಗಾರರೇ ಹೊರಗಡೆ ಮಾರ್ಬಹುದು ಅಂತ ಆಗಿದ್ದ ಕಾಲ. ಅಪ್ಪ ಪೇಟೆ ವ್ಯಾಪಾರಿಗೆ ಫೋನಲ್ಲಿ 22 ಮೂಟೆಗೆ ರೇಟ್ ಮಾತಾಡಿದ್ರು, ಅಡ್ವಾನ್ಸಿಲ್ಲ, ಚೀಟಿ ಇಲ್ಲ, ಬರೀ ಆಯ್ತು ಕೊಡ್ತೀನಿ ಅನ್ನೋ ಮಾತು. ವಾರ ಆಗ್ಲಿಲ್ಲ, ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟೋಯ್ತು ಅಂತ ಸುದ್ದಿ ಬಂತು, ರೇಟ್ ಮೇಲೆ ಮೇಲೆ ಹೋಯ್ತು. ಪಕ್ಕದ ತೋಟದವ್ರು ಬಂದು, ಅಣ್ಣಾ ಬೇರೆಯವ್ರಿಗೆ ಕೊಟ್ಟಾಯ್ತು ಅನ್ನಿ, ಯಾರು ಬಂದು ನೋಡ್ತಾರೆ ಅಂದ್ರು. ಅಪ್ಪ ಎರಡು ದಿನ ಯಾರ ಹತ್ರಾನೂ ಮಾತಾಡ್ದೆ ಮೂರನೇ ದಿನ ಜೀಪಿಗೆ ಮೂಟೆ ಹೇರ್ಸಿದ್ರು. ಅಪ್ಪ ಏನು ಹರಿಶ್ಚಂದ್ರ ಅಲ್ಲ, ಸಾಯೋವರೆಗೂ ಆ ವ್ಯಾಪಾರಿ ಹೆಸರೆತ್ತಿದ್ರೆ ಬೈತಿದ್ರು, ಅಮ್ಮ ಅಂತೂ ಆ ವರ್ಷ ಓಲೆ ಮಾಡಿಸ್ಕೊಳ್ಳೋದು ತಪ್ಪಿತು ಅಂತ ಇವತ್ತಿಗೂ ಹೇಳ್ತಾರೆ. 2024ರಲ್ಲಿ ರೋಬಸ್ಟಾ ಚೆರಿ, ಅಂದ್ರೆ ಹಣ್ಣು ಹಂಗೇ ಒಣಗಿಸಿದ ಕಾಫಿ, 50 ಕೆಜಿ ಮೂಟೆಗೆ 10 ಸಾವಿರ ದಾಟಿದಾಗ ಮಾತು ಕೊಟ್ಟು ಫೋನ್ ಸ್ವಿಚಾಫ್ ಮಾಡ್ಕೊಂಡವ್ರನ್ನ ನಾನೇ ನೋಡಿದೀನಿ, ಅವ್ರಲ್ಲಿ ಒಬ್ರು ಅವತ್ತು ಅಪ್ಪಂಗೆ ಬುದ್ಧಿ ಹೇಳೋಕೆ ಬಂದಿದ್ದೋರೇ.

ಎರಡು ಗಂಟೆ ಹೊತ್ತಿಗೆ ಎದ್ದು ಮೆಸೇಜ್ ಡಿಲೀಟ್ ಮಾಡ್ದೆ. ಗಡಿಯಾರದ ಗುರುತು ಇನ್ನೂ ಹಂಗೇ ಇತ್ತು. ಟವರ್‌ನಲ್ಲಿ ಡೀಸೆಲ್ ಇದ್ದಿದ್ರೆ ನಾನು ಇವತ್ತು ಇದನ್ನ ಬರೀತಿರ್ಲಿಲ್ಲ, ಅದನ್ನೂ ಹೇಳ್ಬಿಡ್ತೀನಿ.

ಬೆಳಗ್ಗೆ ಡೀಲರ್‌ಗೆ ಆಗಲ್ಲ ಅಂದಾಗ ಅವ್ರು ಲಾ ಪಾಯಿಂಟ್ ಹಾಕಿದ್ರು, ದುಡ್ಡು ಬಂದಿಲ್ವಲ್ಲ, ಬಂದಿಲ್ಲ ಅಂದ್ಮೇಲೆ ಎಲ್ಲಿ ಮಾರಾಟ ಆಯ್ತು ಅಂತ. ವಿಷಯ ಏನಂದ್ರೆ 1930ರ ಸರಕು ಮಾರಾಟ ಕಾಯ್ದೇಲಿ ಹರಾಜಿಗೆ ಅಂತಾನೇ ಒಂದು ಸೆಕ್ಷನ್ ಇದೆ, 64. ಹರಾಜು ಕೂಗೋನ ಸುತ್ತಿಗೆ ಬಿದ್ದಾಗ ಮಾರಾಟ ಪೂರ್ತಿ ಆಯ್ತು, ಬೀಳೋವರೆಗೂ ಬಿಡ್ ಕೂಗಿದವ್ನು ವಾಪಸ್ ತಗೋಬಹುದು, ಇದು ಅದರಲ್ಲಿರೋದು. ವಾಟ್ಸಾಪ್ ಹರಾಜಿಗೆ ಕೋರ್ಟ್ ಏನನ್ನುತ್ತೋ ಅದು ಬೇರೆ ಮಾತು, ಆದ್ರೆ ನಮ್ಮ ಗ್ರೂಪಲ್ಲಿ ಸುತ್ತಿಗೆ ಅಂದ್ರೆ 9 ಗಂಟೆ, ಅದನ್ನ ಬರ್ದವ್ನೂ ನಾನೇ. 1,650 ಬಂದ್ರೆ ಕೊಡಲ್ಲ ಅಂತಿದ್ರೆ ಮಿನಿಮಮ್ 3,500 ಅಂತ ಒಂದು ಲೈನ್ ಟೈಪ್ ಮಾಡೋಕೆ ನನ್ನ ಬೆರಳಿಗೆ ಏನಾಗಿತ್ತು? ಮಿನಿಮಮ್ ಇಲ್ಲ ಅಂದ್ರೆ ಜನ ಜಾಸ್ತಿ ಬರ್ತಾರೆ ಅಂತ ಬೇಕಂತಲೇ ಬಿಟ್ಟಿದ್ದೆ. ಆ ಲಾಭ ಬೇಕು, ಅದರ ನಷ್ಟ ಬೇಡ ಅಂದ್ರೆ ಹೆಂಗೆ.

ಲೆಕ್ಚರರ್‌ಗೆ ಫೋನ್ ಮಾಡಿ ಪ್ಯಾರಾಶಾಕ್ ವಿಷಯ ಹೇಳ್ದೆ, ದೊಡ್ಡ ಮನುಷ್ಯನ ಥರ, ನಿಮಗೆ ಅದೃಷ್ಟ ಸರ್ ಅಂತ. ಅವ್ರು ನಕ್ಕು, ಗೊತ್ತಿತ್ತು ಸರ್, ಅದಕ್ಕೇ ಕಣ್ಣಿಟ್ಟಿದ್ದೆ ಅಂದ್ರು. ಮೈಯೆಲ್ಲ ಉರೀತು! ಗೊತ್ತಿದ್ದೂ ಬಾಯಿ ಬಿಡ್ದೆ 1,650ಕ್ಕೆ ಹೊಡ್ಕೊಂಡ್ನಲ್ಲ ಅಂತ ಅರ್ಧ ದಿನ ಕುದೀತಿದ್ದೆ, ಮಧ್ಯಾಹ್ನ ಊಟಕ್ಕೆ ಕೂತಾಗ ಕುಶಾಲನಗರದ ಗುಜರಿಯವ್ನು ನೆನಪಾದ. ಪೈಲಟ್ ಅಂತ ಗೊತ್ತಾದ ಕೂಡ್ಲೇ ನಾನು ಮುಖ ಸಪ್ಪೆ ಮಾಡ್ಕೊಂಡು, ಇದು ಓಡಲ್ಲ ಅಣ್ಣ, 300 ಕೊಡ್ತೀನಿ ನೋಡು ಅಂದಿದ್ದೆ. ಆಮೇಲೆ ಒಂದು ತುತ್ತೂ ಸರಿಯಾಗಿ ಇಳೀಲಿಲ್ಲ. ಕೊಳ್ಳೋನು ಗೊತ್ತಿರೋದನ್ನೆಲ್ಲ ಹೇಳ್ಬೇಕು ಅಂತ ನಾನು ಒಪ್ಪಲ್ಲ, ವಸ್ತು ಮಾರೋನ ಕೈಯಲ್ಲೇ ಇತ್ತು, ನೋಡ್ಕೊಳ್ಳೋದು ಅವನ ಕೆಲಸ. ಮಾರೋನು ಮಾತ್ರ ಗೊತ್ತಿರೋ ದೋಷ ಎಲ್ಲಾ ಹೇಳ್ಬೇಕು, ಕೊಳ್ಳೋನು ನೋಡ್ತಿರೋದು ಬರೀ ಫೋಟೋ. ಸೋಮವಾರನೇ ಪ್ಯಾಕ್ ಮಾಡಿ ಸ್ಪೀಡ್ ಪೋಸ್ಟ್ ಹಾಕ್ದೆ.

ಇನ್ನೊಂದು ಹಳೇ ಕಥೆ ಇದೆ, ಅದು ಹೇಳೋಕೆ ನಾಚ್ಕೆ. ಗ್ರೂಪ್ ಶುರುವಾದ ಹೊಸದ್ರಲ್ಲಿ ಬಿಡ್ ಏರ್ಲಿ ಅಂತ ಚಿಕ್ಕಪ್ಪನ ಮಗನ ನಂಬರಿಂದ ಕೂಗಿಸ್ತಿದ್ದೆ. ಆ ಸೆಕ್ಷನ್ 64ರಲ್ಲೇ ಇದೆ, ಬೆಲೆ ಏರಿಸೋಕೆ ಸುಳ್ಳು ಬಿಡ್ ಹಾಕಿಸಿದ್ರೆ ಕೊಂಡವ್ನು ಆ ಮಾರಾಟನ ರದ್ದು ಮಾಡ್ಬಹುದು, ನನಗೆ ಆಗ ಗೊತ್ತಿರ್ಲಿಲ್ಲ, ಗೊತ್ತಿದ್ರೂ ನಿಲ್ಲಿಸ್ತಿದ್ನೋ ಇಲ್ವೋ. ಒಂದ್ಸಲ ಅವ್ನು ನಿಲ್ಸೋದು ಮರ್ತು 2,900ಕ್ಕೆ ಗೆದ್ದೇಬಿಟ್ಟ! ನಾನು ಗ್ರೂಪಲ್ಲಿ ಕೊಂಡವ್ರು ಕೈಕೊಟ್ರು ಅಂತ ಹಾಕಿ, ಎರಡನೆಯವ್ರಿಗೆ ಅವ್ರ ಕೊನೇ ಬಿಡ್ 2,850ಕ್ಕೆ ಕೊಟ್ಟೆ. ಅವ್ರು ಖುಷಿಯಾಗಿ ತಗೊಂಡ್ರು. ಮೂರನೆಯವ್ರು ನಿಂತಿದ್ದು 2,100ಕ್ಕೆ, ಅಂದ್ರೆ ನಮ್ಮ ಹುಡುಗ ಇಲ್ದೇ ಇದ್ದಿದ್ರೆ ಅವ್ರಿಗೆ 2,150ಕ್ಕೆ ಸಿಗ್ತಿತ್ತು. ಆ 700 ರೂಪಾಯಿ ನಾನು ಇವತ್ತಿಗೂ ವಾಪಸ್ ಕೊಟ್ಟಿಲ್ಲ, ಅವ್ರು ಗ್ರೂಪ್ ಬಿಟ್ಟು ನಂಬರೂ ಬದಲಾಯಿಸಿದಾರೆ. ಅಲ್ಲಿಂದಾಚೆ ಗೆದ್ದವ್ರು ನಿಜವಾಗ್ಲೂ ಕೈಕೊಟ್ರೆ ಅವ್ರ ಬಿಡ್ಡೆಲ್ಲ ಅಳಿಸಿ ಲೆಕ್ಕ ಹಾಕ್ತೀನಿ, ಮೂರನೆಯವ್ರ ಬಿಡ್ಡಿಗೆ 50 ಸೇರ್ಸಿ ಎರಡನೆಯವ್ರಿಗೆ ಕೇಳ್ತೀನಿ, ಬೇಡ ಅಂದ್ರೆ ಬೇಡ, ಅವ್ರ ಪಾಲಿಗೆ ಹರಾಜು 9ಕ್ಕೇ ಮುಗಿದಿತ್ತಲ್ಲ, ಒತ್ತಾಯ ಮಾಡೋಕೆ ನನಗೇನು ಹಕ್ಕು.

ಗೆದ್ದು ಕೈಕೊಡೋರ ಬಗ್ಗೆ ಜಾಸ್ತಿ ಹೇಳಲ್ಲ. ಹೆಂಡ್ತಿ ಬೈದ್ಲು, ಇಎಂಐ ಇದೆ, ಮಗು ಫೋನ್ ಒತ್ಬಿಡ್ತು ಅಂತೆಲ್ಲ ಹೇಳ್ತಾರೆ. ಮಗು ಕರೆಕ್ಟಾಗಿ 50 ರೂಪಾಯಿ ಏರಿಸಿ ಒತ್ತುತ್ತೆ ಅನ್ನೋದೇ ಆಶ್ಚರ್ಯ. ನಿಜವಾದ ಕಷ್ಟ ಅಂತ ಹೇಳಿದವ್ರಿಗೆ ಬಿಟ್ಟಿದೀನಿ, ಸುಮ್ನೆ ಮಾಯ ಆದೋರನ್ನ ಗ್ರೂಪಿಂದ ತೆಗ್ದಿದೀನಿ.

ಈಗ ಅಕ್ಟೋಬರ್ ವಿಷಯ. ದೇವನಾಗರಿ ಡಯಲ್ಲಿನ ಒಂದು ಜನತಾ, ಎಚ್‌ಎಂಟಿದೇ ಇನ್ನೊಂದು ಮಾಡೆಲ್, ಚೆನ್ನಾಗಿದ್ದಿದ್ದು, 2,400ಕ್ಕೆ ಹೋಯ್ತು, ದುಡ್ಡೂ ಬಂತು. ಪ್ಯಾಕ್ ಮಾಡೋಣ ಅಂತ ಎತ್ಕೊಂಡೆ, ಕೈ ಜಾರಿ ರೆಡಾಕ್ಸೈಡ್ ನೆಲಕ್ಕೆ ಬಿತ್ತು. ಗ್ಲಾಸ್ ಒಡೀತು, ಸೆಕೆಂಡ್ ಮುಳ್ಳು ಸೊಟ್ಟ ಆಯ್ತು. ಜುಲೈಲಿ ಟೈಪ್ ಮಾಡಿದ್ದ ಅದೇ ಸುಳ್ಳು, ಅಕ್ಷರ ಬಿಡ್ದಂಗೆ ನಿಜ ಆಗಿ ನನ್ನ ಮುಂದೆ ಬಿದ್ದಿದೆ. ಫೋಟೋ ವೀಡಿಯೋ ಎಲ್ಲಾ ಕಳ್ಸಿ ಹೇಳ್ದೆ, ಪೂರ್ತಿ ದುಡ್ಡು ಈಗ್ಲೇ ವಾಪಸ್ ಹಾಕ್ಲಾ, ಇಲ್ಲ ಹತ್ತು ದಿನ ಕೊಟ್ರೆ ನನ್ನ ಖರ್ಚಲ್ಲಿ ಗ್ಲಾಸು ಮುಳ್ಳು ಹಾಕಿ ಕಳ್ಸ್ಲಾ, ನೀವು ಹೇಳಿದಂಗೆ. ಆ ಕಡೆಯಿಂದ ಒಂದೇ ಸಾಲು: ಎಲ್ಲಾ ಸೆಲ್ಲರ್‌ಗಳೂ ಹೀಗೇ ಹೇಳೋದು ಸರ್, ಜಾಸ್ತಿ ಆಫರ್ ಬಂತಾ?

ದುಡ್ಡು ವಾಪಸ್ ಹಾಕ್ದೆ. ಆಮೇಲೆ ಗ್ಲಾಸ್ ಹಾಕಿ ಮುಳ್ಳು ಬದಲಾಯ್ಸಿ ಅವ್ರಿಗೇ ಮೊದಲು ಕೇಳ್ದೆ, ಉತ್ತರ ಇಲ್ಲ, ನೀಲಿ ಟಿಕ್ ಮಾತ್ರ ಬಂತು. ಬೇರೆಯವ್ರು ಮೂರು ಜನ ಕೇಳಿದಾರೆ, ಒಬ್ರು 3,000 ಅಂದ್ರು. ಕೊಟ್ರೆ ಆ ಮನುಷ್ಯ ಹೇಳಿದ್ದೇ ನಿಜ ಆಗೋಗುತ್ತೆ. ಹಾಗಾಗಿ ಆ ಜನತಾ ಡ್ರಾಯರ್‌ನಲ್ಲೇ ಇದೆ, ದಿನಾ ಬೆಳಗ್ಗೆ ಕಾಫಿ ಕುಡಿಯೋವಾಗ ತೆಗ್ದು ಕೀ ಕೊಡ್ತೀನಿ, ದಿನಕ್ಕೆ ಅರ್ಧ ನಿಮಿಷ ಮುಂದೆ ಓಡ್ತಿದೆ.